ಸಿಗಡಿಗೆ ಬಿದ್ದ ಬಿಳಿ ಚುಕ್ಕೆ

ಕುಮಟಾ ಕಡೆ ರೈಲಿನಲ್ಲಿ ಹೋದವರು ಅಘನಾಶಿನಿ ಸೇತುವೆಯ ಆಸುಪಾಸಿನಲ್ಲಿ ಚೌಕ ಚೌಕವಾದ ನೀರಿನ ಹೊಂಡಗಳನ್ನು ನೋಡಿರಬಹುದು. ನಾನು ಮೊದಲ ಸಲ ನೋಡಿದಾಗ ಉಪ್ಪಿನ ಗದ್ದೆ ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಅಲ್ಲ ಮಾರಾಯರೇ, ಸಿಗಡಿ ಹೊಂಡ" ಅಂದರು. ಕೆಲವು ತುಂಬಿದ್ದವು, ಕೆಲವು ಖಾಲಿ ಬಿದ್ದಿದ್ದವು. "ಖಾಲಿ ಯಾಕೆ?" ಅಂದೆ. "ರೋಗ" ಅಂದು ಸುಮ್ಮನಾದರು. ಆ ಒಂದು ಪದದ ಹಿಂದೆ ಬಿದ್ದು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಜಾಗಗಳಿಗೆ ನಮ್ಮ ಉತ್ತರ ಕನ್ನಡದಲ್ಲಿ ಗಜನಿ ಅನ್ನುತ್ತಾರೆ. ಮಳೆಗಾಲದಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಿಟ್ಟು ಅದರ ಜೊತೆ ಬರುವ ಮೀನು, ಸಿಗಡಿ ಹಿಡಿಯುವುದು. ಇದು ತಲೆತಲಾಂತರದ ಪದ್ಧತಿ. 1990ರ ದಶಕದಲ್ಲಿ ರಫ್ತಿನ ರೇಟು ಕಣ್ಣು ಕುಕ್ಕಿತು. ಇಲ್ಲೂ, ಆಂಧ್ರ, ತಮಿಳುನಾಡುಗಳಲ್ಲೂ ಗದ್ದೆಗಳು ಸಿಗಡಿ ಹೊಂಡಗಳಾದವು. ಹ್ಯಾಚರಿಯಿಂದ ಟೈಗರ್ ಸಿಗಡಿ ಮರಿ ತಂದು ಬಿಟ್ಟು, ಮೇವು ಹಾಕಿ, ನಾಲ್ಕೈದು ತಿಂಗಳಲ್ಲಿ ಹಿಡಿಯುವುದು. ದೊಡ್ಡ ಕಂಪನಿಗಳೂ ಇಳಿದವು, ಎಕರೆ ಎರಡೆಕರೆಯ ರೈತರೂ ಇಳಿದರು. ಮರಿ, ಮೇವು, ಡೀಸೆಲ್... ಸಣ್ಣವರಿಗೆ ಎಲ್ಲವೂ ಸಾಲ.

1994ರಲ್ಲಿ ಬಿಳಿ ಚುಕ್ಕೆ ರೋಗ ಬಂತು. ಅದಕ್ಕೆ ಒಂದೆರಡು ವರ್ಷ ಮೊದಲು ಚೀನಾ, ತೈವಾನ್ ಕಡೆ ಕಾಣಿಸಿಕೊಂಡಿದ್ದ ವೈರಸ್ಸು ಇದು. ಸಿಗಡಿಯ ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಾಣಿಸಿದರೆ ಮೂರರಿಂದ ಹತ್ತು ದಿನದಲ್ಲಿ ಹೊಂಡಕ್ಕೆ ಹೊಂಡವೇ ಖಾಲಿ. ತಿಂದ ಮನುಷ್ಯರಿಗೆ ಏನೂ ಆಗುವುದಿಲ್ಲ, ಬೆಳೆಸಿದ ಮನುಷ್ಯ ಮಾತ್ರ ಮುಳುಗುತ್ತಾನೆ! ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ಕಂಗಾಲಾದ ರೈತರು ಅಂಗಡಿಯವರು ಕೊಟ್ಟ ಆಂಟಿಬಯಾಟಿಕ್ ಸುರಿದರು. ವೈರಸ್ಸಿಗೆ ಅದರಿಂದ ಏನೂ ಆಗಲಿಲ್ಲ, ಸಾಲ ಮಾತ್ರ ಬೆಳೆಯಿತು.

ಇದರ ಮಧ್ಯೆ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಹೊಂಡಗಳನ್ನು ಒಡೆಯಿರಿ, ಸಾಂಪ್ರದಾಯಿಕ ರೀತಿಯವಕ್ಕೆ ಮಾತ್ರ ವಿನಾಯಿತಿ ಎಂದು ಹೇಳಿತು. ಅದು ಪರಿಸರದ ಪ್ರಶ್ನೆ, ಇನ್ನೊಮ್ಮೆ ಬರೆಯುವಷ್ಟಿದೆ. ನನಗೆ ಇಲ್ಲಿ ಮುಖ್ಯವಾದದ್ದು ರೋಗ ಹರಡುತ್ತಿದ್ದ ರೀತಿ.

ಹತ್ತಾರು ಹೊಂಡಗಳಿಗೆ ಒಂದೇ ಕಾಲುವೆ. ನೀರು ಬರುವುದೂ ಅದರಲ್ಲೇ, ಹೋಗುವುದೂ ಅದರಲ್ಲೇ. ಒಬ್ಬನ ಹೊಂಡದಲ್ಲಿ ಸಿಗಡಿ ಸಾಯಲು ಶುರುವಾದರೆ ಆತ ಏನು ಮಾಡುತ್ತಾನೆ? ರಾತ್ರೋರಾತ್ರಿ ನೀರು ಹೊರಗೆ ಬಿಟ್ಟು, ಉಳಿದದ್ದನ್ನು ಹಿಡಿದು ಸಿಕ್ಕ ಬೆಲೆಗೆ ಮಾರುತ್ತಾನೆ. ಬೆಳಿಗ್ಗೆ ಪಕ್ಕದವನು ಅದೇ ನೀರನ್ನು ಪಂಪ್ ಮಾಡುತ್ತಾನೆ. ಹೇಳಿದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ ಅನ್ನುವ ಭಯಕ್ಕೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೆಚ್ಚು ಪೆಟ್ಟು ತಿಂದವನು ಸಾಲ ಮಾಡಿದ ಸಣ್ಣ ರೈತ. ದೊಡ್ಡವನಿಗೆ ಒಂದು ಬೆಳೆ ಹೋದರೆ ನಷ್ಟ, ಇವನಿಗೆ ಗದ್ದೆಯೇ ಹೋಗುತ್ತದೆ.

ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು 1994ರ ಆ ಸತ್ತ ಸಿಗಡಿಗಳನ್ನೇ ಸೂಕ್ಷ್ಮದರ್ಶಕದಡಿ ಇಟ್ಟು ಅಧ್ಯಯನ ಮಾಡಿದವರು. ಮರಿಗಳಲ್ಲಿ ವೈರಸ್ಸು ಇದೆಯಾ ಎಂದು ಪಿ.ಸಿ.ಆರ್. ಪರೀಕ್ಷೆಯಲ್ಲಿ ಪತ್ತೆ ಮಾಡುವ ಕೆಲಸವೂ ಅಲ್ಲಿ ನಡೆಯಿತು. ಕೊರೊನಾ ಕಾಲದಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದೂ ಅದೇ ಜಾತಿಯ ಪರೀಕ್ಷೆ. ನಾವು 2020ರಲ್ಲಿ ಕಲಿತ ಪದವನ್ನು ಸಿಗಡಿ ರೈತರು ಎಷ್ಟೋ ವರ್ಷ ಮೊದಲೇ ಕಲಿತಿದ್ದರು.

ಕಥೆ ತಿರುಗಿದ್ದು ಆಂಧ್ರದಲ್ಲಿ. 2000ದಲ್ಲಿ ಕೇಂದ್ರದ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ (ಎಂಪೆಡಾ) ಮತ್ತು ಬ್ಯಾಂಕಾಕಿನ ನಾಕಾ ಸಂಸ್ಥೆ ಸೇರಿ 365 ಹೊಂಡಗಳನ್ನು ಬೆಳೆಯುದ್ದಕ್ಕೂ ಗಮನಿಸಿದವು. ರೋಗಕ್ಕೆ ಒಂದೇ ಕಾರಣ ಅಲ್ಲ, ಪ್ರತಿ ಹಂತದಲ್ಲೂ ಒಂದೊಂದು ಬಾಗಿಲು ತೆರೆದಿದೆ ಎಂದು ತಿಳಿಯಿತು. 2002ರಲ್ಲಿ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರಿನಲ್ಲಿ (ಹೌದು, ಚಿರಂಜೀವಿ ಹುಟ್ಟಿದ ಊರೇ) ಬರೀ 5 ಜನ ರೈತರು ಈ ಬಾಗಿಲುಗಳನ್ನು ಮುಚ್ಚಲು ಹೊರಟರು.

ಮಾಡಿದ್ದೇನು? ಹೊಂಡ ಒಣಗಿಸಿ ತಳದ ಕಪ್ಪು ಕೆಸರು ತೆಗೆಯುವುದು. ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ ಬಿಡುವುದು, ಯಾಕೆಂದರೆ ಏಡಿ, ಕಾಡು ಸಿಗಡಿಗಳೂ ವೈರಸ್ಸು ಹೊತ್ತು ತರುತ್ತವೆ. ಪರೀಕ್ಷೆ ಮಾಡಿಸಿದ ಮರಿಯನ್ನೇ, ಕಡಿಮೆ ಸಂಖ್ಯೆಯಲ್ಲಿ, ಎಲ್ಲರೂ ಒಂದೇ ಹೊತ್ತಿಗೆ ಬಿಡುವುದು. ಒಬ್ಬೊಬ್ಬರೇ ಹೋದರೆ ಹ್ಯಾಚರಿಯವನು ಮಾತಿಗೂ ಸಿಗುವುದಿಲ್ಲ, ಒಟ್ಟಾಗಿ ಹೋದರೆ ಒಳ್ಳೆ ಮರಿ ಕೊಡುತ್ತಾನೆ. ಆಂಟಿಬಯಾಟಿಕ್ ಬಂದ್. ಎಲ್ಲಕ್ಕಿಂತ ಕಷ್ಟದ್ದು ಕೊನೆಯದು: ರೋಗ ಬಂದರೆ ಮುಚ್ಚಿಡದೆ ಅಕ್ಕಪಕ್ಕದವರಿಗೆ ಹೇಳುವುದು, ನೀರನ್ನು ಹಾಗೇ ಹೊರಗೆ ಬಿಡದೇ ಇರುವುದು.

ಇಂಥ ಗುಂಪುಗಳಿಗೆ ಆಕ್ವಾ ಕ್ಲಬ್ ಎಂದು ಹೆಸರಾಯಿತು. 2006ರ ಹೊತ್ತಿಗೆ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 28 ಕ್ಲಬ್ಬು, 730 ರೈತರು. 2007ರಲ್ಲಿ ಎಂಪೆಡಾ ಇದನ್ನೇ ಮುಂದುವರಿಸಲು ನಾಕ್ಸಾ ಎಂಬ ಸಂಸ್ಥೆ ಕಟ್ಟಿತು. ರೋಗ ಪೂರ್ತಿ ಹೋಗಲಿಲ್ಲ, ಆದರೆ ಕಡಿಮೆಯಾಯಿತು.

ಮುಂದೆ 2009ರಲ್ಲಿ ವನ್ನಾಮಿ ಸಿಗಡಿಗೆ ಅನುಮತಿ ಸಿಕ್ಕಿತು, ರೋಗಮುಕ್ತ ತಾಯಿ ಸಿಗಡಿಗಳು ಹೊರದೇಶದಿಂದ ಬಂದವು. ಭಾರತ ದೊಡ್ಡ ರಫ್ತುದಾರನಾಯಿತು. ಆದರೆ ರೋಗಮುಕ್ತ ಅಂದರೆ ರೋಗ ಬರುವುದೇ ಇಲ್ಲ ಎಂದಲ್ಲವಲ್ಲ! ಬಿಳಿ ಚುಕ್ಕೆ ಇದ್ದೇ ಇದೆ, ಜೊತೆಗೆ ಸಿಗಡಿ ಬೆಳೆಯದ ಹಾಗೆ ಮಾಡುವ ಇ.ಎಚ್.ಪಿ. ಎಂಬ ಇನ್ನೊಂದು ಬಂದಿದೆ. ಹೊಸ ತಳಿ ಬಂತೆಂದು ಹಳೆ ಪಾಠ ಮರೆತವರಿಗೆ ಮತ್ತೆ ಅದೇ ಸಾಲ.

ಇಷ್ಟೆಲ್ಲ ಓದಿದ ಮೇಲೆ ಗಜನಿ ನೆನಪಾಯಿತು. ಅಲ್ಲಿ ಕಟ್ಟೆ ಎಲ್ಲರದ್ದೂ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು, ಅದಕ್ಕೇ ಒಟ್ಟಾಗಿ ಕಾಯುತ್ತಿದ್ದರು. ಮೊಗಲ್ತೂರಿನವರು 2002ರಲ್ಲಿ ಕಂಡುಕೊಂಡದ್ದು ಅದಕ್ಕಿಂತ ಬೇರೆಯೇನಲ್ಲ ಅನ್ನಿಸುತ್ತದೆ. ಬಡವನ ಹೊಂಡ ಉಳಿಯಬೇಕಾದರೆ ಪಕ್ಕದ ಹೊಂಡವೂ ಉಳಿಯಬೇಕು.

ಅಘನಾಶಿನಿ, ಗಂಗಾವಳಿ, ಶರಾವತಿ ಕಡೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮೂರ ಗಜನಿ ಈಗ ಹೇಗಿದೆ? ದಯವಿಟ್ಟು ಬರೆಯಿರಿ.