ಮಂಡಕಳ್ಳಿ ಬಿಟ್ಟು ದೇವನಹಳ್ಳಿಗೆ

ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ಇಳಿಯುವ ಜಾಗ ಮಾಡಿದ್ದು 1940ರಲ್ಲಿ, ಮಹಾರಾಜರ ಸರ್ಕಾರ. ನಮ್ಮ ಬೈಲಕುಪ್ಪೆ ಕಡೆಯ ಜನ ವಿಮಾನ ಹತ್ತೋಕೆ ಶುರು ಮಾಡಿದ್ದು 2003 ಕಳೆದ ಮೇಲೆ. ಎರಡೂ ಊರಿನ ನಡುವೆ ಹೆಚ್ಚೆಂದರೆ ತೊಂಬತ್ತು ಕಿಲೋಮೀಟರ್. ಆದರೂ ಆ ವಿಮಾನ ನಿಲ್ದಾಣಕ್ಕೂ ನಮಗೂ ಇವತ್ತಿನವರೆಗೆ ಋಣಾನುಬಂಧ ಕೂಡಿಬಂದಿಲ್ಲ. ಕೊಪ್ಪದಲ್ಲಿ, ಹೆದ್ದಾರಿ ಬಿಟ್ಟು ಬೈಲಕುಪ್ಪೆಯ ಟಿಬೆಟ್ ಕ್ಯಾಂಪಿಗೆ ತಿರುಗುವ ದಾರಿಯ ಹತ್ತಿರ, ಟಿಕೆಟ್ ಬುಕಿಂಗ್ ಅಂಗಡಿ ಇಟ್ಟುಕೊಂಡು ಕೂತವನು ನಾನು. ಯಾವ ಕಂಪನಿ ಬಂತು, ಯಾವುದು ಬಾಗಿಲು ಹಾಕಿತು ಅನ್ನೋದು ಪತ್ರಿಕೆಯವರಿಗಿಂತ ಮೊದಲು ನಮ್ಮಂಥವರಿಗೆ ಗೊತ್ತಾಗುತ್ತೆ. ರೀಫಂಡ್ ಕೇಳಿಕೊಂಡು ಜನ ಬಂದು ನಿಲ್ಲುವುದು ನಮ್ಮ ಮೇಜಿನ ಮುಂದೆ ತಾನೆ.

ನಮ್ಮ ಗಿರಾಕಿಗಳು ಯಾರು ಅಂತ ಮೊದಲು ಹೇಳಬೇಕು. 1960ರ ಕೊನೆಯಲ್ಲಿ ಟಿಬೆಟ್ ನಿರಾಶ್ರಿತರ ಮೊದಲ ತಂಡಗಳು ಇಲ್ಲಿಗೆ ಬಂದವು. ಪಿರಿಯಾಪಟ್ಟಣ ತಾಲ್ಲೂಕಿನ ಕಾಡನ್ನು ಕಡಿದು, ಆನೆ ಓಡಿಸಿ, ಜೋಳ ಬಿತ್ತಿದರು. ಆಮೇಲೆ ಸೆರಾ ಮಠ ಬಂತು, ನಾಮ್‌ಡ್ರೋಲಿಂಗ್ ಬಂತು, ಪ್ರವಾಸಿಗರು ಗೋಲ್ಡನ್ ಟೆಂಪಲ್ ಅನ್ನುವ ದೇವಾಲಯ 1999ರಲ್ಲಿ ಎದ್ದಿತು. ಓದಲಿಕ್ಕೆ ಲಡಾಖ್, ಸ್ಪಿತಿ, ಸಿಕ್ಕಿಂ, ಅರುಣಾಚಲ, ಭೂತಾನ್ ಕಡೆಯಿಂದ ಹುಡುಗರು ಬರತೊಡಗಿದರು. ಕ್ಯಾಂಪಿನ ಸಂಸಾರಸ್ಥರು ಚಳಿಗಾಲದಲ್ಲಿ ಸ್ವೆಟರ್ ಮಾರಲು ಹೊರಡುವವರು. ಅದಕ್ಕೆ ಮೊದಲು ಲೂಧಿಯಾನಕ್ಕೆ ಹೋಗಿ ಸಗಟು ವ್ಯಾಪಾರಿಗಳ ಹತ್ತಿರ ಸಾಲದ ಮೇಲೆ ಮಾಲು ಎತ್ತಬೇಕು. ಧರ್ಮಶಾಲೆಗಂತೂ ವರ್ಷವಿಡೀ ಓಡಾಟ. ಕರ್ನಾಟಕದ ಮೂಲೆಯ ಈ ತಾಲ್ಲೂಕಿನಿಂದ ಹಿಮಾಲಯಕ್ಕೆ ಇಷ್ಟು ಜನ ಹೋಗಿ ಬರುವುದು ಮೈಸೂರಿನವರಿಗೇ ಗೊತ್ತಿಲ್ಲ, ವಿಮಾನ ಕಂಪನಿಯವರಿಗೆ ಎಲ್ಲಿಂದ ಗೊತ್ತಾಗಬೇಕು?

ವಿಮಾನ ಅಗ್ಗವಾಗುವ ಮೊದಲು ಇದ್ದದ್ದು ರೈಲು. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್, ದೆಹಲಿಗೆ ಹತ್ತಿರಹತ್ತಿರ ನಲವತ್ತು ಗಂಟೆ. ಅಲ್ಲಿಂದ ರಾತ್ರಿ ಬಸ್ಸು. ವಿಮಾನ ಇರಲಿಲ್ಲವೆಂದಲ್ಲ, ನಮಗಲ್ಲ ಅಷ್ಟೆ. 1953ರಲ್ಲಿ ಖಾಸಗಿ ಕಂಪನಿಗಳನ್ನೆಲ್ಲ ಸರ್ಕಾರ ವಶಕ್ಕೆ ತಗೊಂಡು ಇಂಡಿಯನ್ ಏರ್‌ಲೈನ್ಸ್ ಮಾಡಿತು. ಆ ಕಾಯ್ದೆ ರದ್ದಾದದ್ದು 1994ರಲ್ಲಿ. ನಡುವಿನ ನಲವತ್ತು ವರ್ಷ ವಿಮಾನ ಅಂದರೆ ಸಾಹೇಬರು, ಮಂತ್ರಿಗಳು, ಕಂಪನಿ ಖರ್ಚಿನಲ್ಲಿ ಹೋಗುವವರು. ಎಂಬತ್ತರ ದಶಕದಲ್ಲಿ ಸಣ್ಣ ಊರುಗಳಿಗೆಂದೇ ಸರ್ಕಾರ ತಂದ ವಾಯುದೂತ್ ಮೈಸೂರಿಗೂ ಬಂತು, ಬೆಂಗಳೂರಿಗೆ ಹಾರಿತು, ನಿಂತಿತು. ಆಮೇಲೆ ಮಂಡಕಳ್ಳಿಯಲ್ಲಿ ಪ್ರಯಾಣಿಕರ ವಿಮಾನವೇ ಇಲ್ಲದ ವರ್ಷಗಳು.

ಲೆಕ್ಕ ತಿರುವಿಹಾಕಿದ್ದು ನಮ್ಮ ಪಕ್ಕದ ಜಿಲ್ಲೆಯವರು. ಹಾಸನದ ಗೊರೂರಿನ ಜಿ.ಆರ್. ಗೋಪಿನಾಥ್ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರು, 1971ರ ಯುದ್ಧ ಕಂಡವರು. ಹೇಮಾವತಿ ಅಣೆಕಟ್ಟೆಯಲ್ಲಿ ಮನೆತನದ ಜಮೀನು ಮುಳುಗಿ, ಬದಲಿಗೆ ಸಿಕ್ಕ ಜಾವಗಲ್ ಕಡೆಯ ಬಂಜರಿನಲ್ಲಿ ರೇಷ್ಮೆ ಬೆಳೆದವರು. ಹಾಸನದಲ್ಲಿ ಹೋಟೆಲ್ ಇಟ್ಟು, ಬುಲೆಟ್ ಬೈಕ್ ಮಾರಿ, ಹೆಲಿಕಾಪ್ಟರ್ ಬಾಡಿಗೆಗೆ ಬಿಟ್ಟು, 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಿಸಿದರು. 48 ಸೀಟಿನ ಎಟಿಆರ್ ವಿಮಾನ, ಹುಬ್ಬಳ್ಳಿ, ಮಂಗಳೂರಿನಂಥ ಊರು. ಊಟವಿಲ್ಲ, ನೀರಿಗೂ ಕಾಸು, ಸೀಟಿಗೆ ನಂಬರಿಲ್ಲ, ಮೊದಲು ಹತ್ತಿದವನಿಗೆ ಕಿಟಕಿ. ಥೇಟ್ ನಮ್ಮ ಕೆಂಪು ಬಸ್ಸಿನ ಶಿಸ್ತು. ಟಿಕೆಟ್ಟು ಇಂಟರ್ನೆಟ್ಟಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೂಡ. ಜಾಹೀರಾತಿನಲ್ಲಿ ಆರ್.ಕೆ. ಲಕ್ಷ್ಮಣರ ಚೌಕಳಿ ಕೋಟಿನ ಕಾಮನ್ ಮ್ಯಾನ್. ಲಕ್ಷ್ಮಣ್ ಹುಟ್ಟಿದ್ದು ಮೈಸೂರಿನಲ್ಲಿ. ಅವರ ಬಡಪಾಯಿ ದೇಶವೆಲ್ಲ ಹಾರಿದ, ಮೈಸೂರಿನಲ್ಲಿ ಮಾತ್ರ ಇಳಿಯಲಿಲ್ಲ.

ಏರ್‌ಬಸ್ ತಂದು ದೆಹಲಿಗೆ ಬಿಟ್ಟ ಮೇಲೆ ನಮ್ಮ ಕ್ಯಾಂಪು ಎಚ್ಚೆತ್ತಿತು. ಒಂದು ರೂಪಾಯಿ ಟಿಕೆಟ್ ಸುದ್ದಿ ಬಂದಾಗ ನಾಲ್ಕನೇ ಕ್ಯಾಂಪಿನ ಒಬ್ಬರು ಅಮಾಲಾ (ಟಿಬೆಟಿನವರು ತಾಯಿಯನ್ನು ಕರೆಯುವುದು ಹಾಗೆ) ಸೆರಗಿನ ಗಂಟು ಬಿಚ್ಚುವ ಹಾಗೆ ಪರ್ಸು ಬಿಚ್ಚಿ, ನಾಣ್ಯ ಮೇಜಿನ ಮೇಲಿಟ್ಟು, “ಅಣ್ಣಾ, ದೆಹಲಿಗೆ ಕೊಡು” ಅಂದರು. ತೆರಿಗೆ ಸೇರಿದರೆ ಇನ್ನೂರು ಚಿಲ್ಲರೆ ಆಗುತ್ತೆ, ಆ ದರ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು, ಸಿಕ್ಕರೆ ಅದೃಷ್ಟ ಅಂತ ಬಿಡಿಸಿ ಹೇಳಿದೆ. “ಹಂಗಾದ್ರೆ ಪೇಪರ್‌ನಲ್ಲಿ ಯಾಕೆ ಸುಳ್ಳು ಹಾಕ್ತಾರೆ?” ಅಂತ ಕೇಳಿದರು. ಕಡೆಗೆ ಹೋದದ್ದು ಎರಡೂವರೆ ಸಾವಿರದ ಟಿಕೆಟ್ಟಿನಲ್ಲಿ. ಆದರೂ ನಲವತ್ತು ಗಂಟೆ ಮಂಡಿ ಮಡಚಿ ಕೂರುವುದು ತಪ್ಪಿತಲ್ಲ.

ದೊಡ್ಡ ರಗಳೆ ಹೆಸರಿನದು. ಬುಕಿಂಗ್ ಪುಟದಲ್ಲಿ ಸರ್‌ನೇಮ್ ಅಂತ ಒಂದು ಕಾಲಂ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗೋದಿಲ್ಲ. ಟಿಬೆಟಿನವರಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವವರು ಕಡಿಮೆ. ದಲೈ ಲಾಮಾ ಹೆಸರಿಟ್ಟ ಮಕ್ಕಳೆಲ್ಲ ಟೆನ್ಜಿನ್. ಒಂದು ಬುಕಿಂಗಿಗೆ ಒಂಬತ್ತೇ ಜನ. ಮಠದವರು ಪಟ್ಟಿ ತಂದರೆ ಒಂಬತ್ತರಲ್ಲಿ ಐದು ಟೆನ್ಜಿನ್, ಅದರಲ್ಲಿ ಇಬ್ಬರ ಎರಡನೆಯ ಹೆಸರೂ ಒಂದೇ. ಆರ್‌ಸಿ ಪುಸ್ತಕದಲ್ಲಿ (ಗಾಡಿಯದ್ದಲ್ಲ, ಪೊಲೀಸರು ನಿರಾಶ್ರಿತರಿಗೆ ಕೊಡುವ ನೋಂದಣಿ ಪತ್ರ) ಇದ್ದ ಹಾಗೇ ಕಾಗುಣಿತ ಕೂರಬೇಕು. ಒಂದು ಅಕ್ಷರ ಆಚೀಚೆ ಆದರೂ ಗೇಟಿನ ಜವಾನ ತಡೀತಾನೆ. ಒಂಟಿ ಹೆಸರಿನವರಿಗೆ ಅದೇ ಹೆಸರನ್ನು ಎರಡು ಸಲ ಹಾಕುವುದು ರೂಢಿಗೆ ಬಂತು. ಕಂಪಲಾಪುರದ ಹರಾಜಿನಲ್ಲಿ ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ರೈತರೂ ಕಾಶಿಗೆ ಅಂತ ಬಂದರು. ಅವರದ್ದೂ ಅದೇ ಪಾಡು. ಚಿಕ್ಕಣ್ಣ ಅನ್ನುವವರು ಬೋರ್ಡಿಂಗ್ ಪಾಸಿನಲ್ಲಿ ಚಿಕ್ಕಣ್ಣ ಚಿಕ್ಕಣ್ಣ ಆಗಿ ವಾರಾಣಸಿ ಮುಟ್ಟಿದರು.

ಏರ್ ಡೆಕ್ಕನ್ ಬಾಳಲಿಲ್ಲ. 2007ರಲ್ಲಿ ಕಿಂಗ್‌ಫಿಷರ್ ಪಾಲು ಕೊಂಡಿತು, ಮರುವರ್ಷ ಹೆಸರೇ ಹೋಯಿತು, 2012ರಲ್ಲಿ ಕಿಂಗ್‌ಫಿಷರ್ರೂ ನೆಲಕ್ಕೆ ಕೂತಿತು. ಅಗ್ಗದ ಟಿಕೆಟ್ಟಿನ ರುಚಿ ಮಾತ್ರ ಜನರ ಬಾಯಿಂದ ಹೋಗಲಿಲ್ಲ. ಇಂಡಿಗೊ, ಸ್ಪೈಸ್‌ಜೆಟ್ ಅದನ್ನೇ ಮುಂದುವರಿಸಿದವು. ಬಾಗ್ಡೋಗ್ರಾ, ಲೇಹ್ ಅನ್ನುವ ನಿಲ್ದಾಣಗಳ ಹೆಸರುಗಳು ಕೊಪ್ಪದ ಟ್ಯಾಕ್ಸಿ ಡ್ರೈವರ್‌ಗಳ ಬಾಯಲ್ಲೂ ಓಡಾಡತೊಡಗಿದವು.

ಮಂಡಕಳ್ಳಿಯ ಕಥೆ ಬೇರೆ. 2010ರ ಮೇ ತಿಂಗಳಲ್ಲಿ ಹೊಸ ನಿಲ್ದಾಣ ಉದ್ಘಾಟನೆ ಆಯಿತು. ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಬಂತು, ಮರುವರ್ಷ ಹೋಯಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಅದೂ ನಿಲ್ಲಿಸಿತು. 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ಬಿಡಿಸುವ ಕೇಂದ್ರದ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿತು, 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಹೈದರಾಬಾದ್, ಗೋವಾ, ಕೊಚ್ಚಿಗೆ. ಉಡಾನ್ ಸಹಾಯಧನ ಮೂರು ವರ್ಷ, ಗಂಟೆಯ ಹಾರಾಟದ ಟಿಕೆಟ್ಟಿಗೆ ಶುರುವಿನಲ್ಲಿ 2,500 ರೂಪಾಯಿಯ ಮಿತಿ ಇತ್ತು. ಅವಧಿ ಮುಗಿದ ಮೇಲೆ ಕಂಪನಿ ತನ್ನ ಕಾಲ ಮೇಲೆ ನಿಲ್ಲಬೇಕು, ಬಹಳ ಕಡೆ ನಿಲ್ಲಲಿಲ್ಲ. ಮೈಸೂರಿನ ರನ್‌ವೇ 1,740 ಮೀಟರ್. ಒಂದು ಕಡೆ ನಂಜನಗೂಡು ಹೆದ್ದಾರಿ, ರೈಲು ಹಳಿ. ಎಟಿಆರ್‌ನಂಥ ಪಂಖದ ವಿಮಾನಕ್ಕೆ ಸಾಕು, ತುಂಬಿದ ಏರ್‌ಬಸ್‌ಗೆ ಸಾಲದು. ಎಟಿಆರ್ ದೆಹಲಿಯವರೆಗೆ ಒಂದೇ ಉಸಿರಿಗೆ ಹೋಗಲಾರದು.

ಕೇರಳದ ಕಣ್ಣೂರು ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ತೆರೆದಾಗ ನಮ್ಮ ಪಕ್ಕದ ಕುಶಾಲನಗರದಲ್ಲಿ ಎಲ್ಲರೂ ಖುಷಿಪಟ್ಟರು. ವಿರಾಜಪೇಟೆ, ಮಾಕುಟ್ಟದ ಮೇಲೆ ನೂರು ಕಿಲೋಮೀಟರ್ ಹತ್ತಿರ. ಗಲ್ಫಿಗೆ ಹೋಗುವವರಿಗೆ ಅನುಕೂಲವಾಯಿತು ನಿಜ. ಆದರೆ ಮಳೆಗಾಲದಲ್ಲಿ ಮಾಕುಟ್ಟ ಘಾಟಿ ಯಾವಾಗ ಕುಸಿಯುತ್ತೋ ಹೇಳಲಾಗದು; 2023ರ ಮೇನಲ್ಲಿ ಗೋ ಫಸ್ಟ್ ನಿಂತಾಗ ಅಲ್ಲೂ ವಿಮಾನ ಕಡಿಮೆಯಾದವು. ಹಾಗಾಗಿ ನಮ್ಮವರು ಈಗಲೂ ರಾತ್ರಿ ಹೊರಟು ಇನ್ನೂರೈವತ್ತು ಕಿಲೋಮೀಟರ್ ದೂರದ ದೇವನಹಳ್ಳಿಗೇ, ಬೆಂಗಳೂರಿನ ನಿಲ್ದಾಣಕ್ಕೆ, ಹೋಗುತ್ತಾರೆ. ಹೋಗುವ ದಾರಿಯಲ್ಲಿ ಮೈಸೂರು ಸಿಗುತ್ತೆ, ಅಲ್ಲಿ ಕಾಫಿ ಕುಡೀತಾರೆ.

ನನ್ನನ್ನು ಕೇಳಿದರೆ ಮೈಸೂರಿನಿಂದ ಬೆಂಗಳೂರಿಗೆ ವಿಮಾನ ಬಿಡುವುದೇ ಮೂರ್ಖತನ. ಎರಡೂ ಊರಿನ ನಡುವೆ ದಶಪಥ ಹೆದ್ದಾರಿ ಆದಮೇಲಂತೂ ಆ ಮಾತೇ ಬೇಡ. ವಾಯುದೂತ್‌ನಿಂದ ಹಿಡಿದು ಬಂದವರಲ್ಲಿ ಹೆಚ್ಚಿನವರು ಮಾಡಿದ್ದು ಅದನ್ನೇ. ಮಂಡಕಳ್ಳಿಯ ರನ್‌ವೇ ಉದ್ದ ಮಾಡುವ ಪ್ರಸ್ತಾವ ವರ್ಷಗಳಿಂದ ಇದೆ. ಅದನ್ನು ಮುಗಿಸುವ ಸರ್ಕಾರಕ್ಕೆ, ಜಿಲ್ಲೆಯ ಜನಪ್ರತಿನಿಧಿಗಳಿಗೆ ನನ್ನದೊಂದೇ ಮನವಿ: ಮೊದಲ ಜೆಟ್ ವಿಮಾನವನ್ನು ದೆಹಲಿಗೆ ಬಿಡಿಸಿ. ಸೀಟು ತುಂಬುವ ಜವಾಬ್ದಾರಿ ಬೈಲಕುಪ್ಪೆಯದು.