ಕಣ್ಣಿನ ಆರೈಕೆ: ಪರದೆಯ ಮುಂದೆ, ಯಂತ್ರದ ಮುಂದೆ

ದೊಡ್ಡನೆಕ್ಕುಂದಿ: ಹೊರವರ್ತುಲ ರಸ್ತೆಯ ಉದ್ದಕ್ಕೂ ಗಾಜಿನ ಗೋಡೆಗಳ ಸಾಫ್ಟ್‌ವೇರ್ ಕಚೇರಿಗಳು, ಒಳಕ್ಕೆ ಸಾಗಿದರೆ ಲೇತ್, ಗ್ರೈಂಡಿಂಗ್, ವೆಲ್ಡಿಂಗ್ ಕೆಲಸಗಳ ಕೈಗಾರಿಕಾ ಪ್ರದೇಶ. ಮಾರತ್ತಹಳ್ಳಿ ಹಾಗೂ ಮಹದೇವಪುರದ ನಡುವಣ ದೊಡ್ಡನೆಕ್ಕುಂದಿಯಲ್ಲಿ ದುಡಿಯುವವರ ಕಣ್ಣಿನ ಕಷ್ಟಗಳೂ ಹೀಗೆಯೇ ಎರಡು ಬಗೆಯವು. ಒಬ್ಬರದು ಹತ್ತು ತಾಸು ಪರದೆ ನೋಡಿ ದಣಿದ ಕಣ್ಣು, ಇನ್ನೊಬ್ಬರದು ಕಿಡಿ ಮತ್ತು ಚೂರುಗಳಿಗೆ ಎದುರಾಗಿ ನಿಂತ ಕಣ್ಣು.

ಇಬ್ಬರೂ ತಿಳಿದಿರಬೇಕಾದ ಮಾತೊಂದಿದೆ. ಉರಿ, ತುರಿಕೆ, ಆಯಾಸ ಎಂದು ಸದಾ ದೂರುವ ಕಣ್ಣು ಬಹುತೇಕ ವಿಶ್ರಾಂತಿಯಿಂದ ಚೇತರಿಸಿಕೊಳ್ಳುತ್ತದೆ. ದೃಷ್ಟಿಯನ್ನು ಶಾಶ್ವತವಾಗಿ ಕಸಿಯುವ ಕೆಲವು ರೋಗಗಳಾದರೋ ನೋವನ್ನೇ ಕೊಡದೆ ಬೆಳೆಯುತ್ತವೆ. ನಿತ್ಯದ ಅಭ್ಯಾಸಗಳಷ್ಟೇ ಸಾಲವು, ಕಾಲಕಾಲಕ್ಕೆ ತಪಾಸಣೆಯೂ ಬೇಕು ಎನ್ನುವುದು ಇದೇ ಕಾರಣಕ್ಕೆ.

ಪರದೆಯ ಮುಂದೆ ಕುಳಿತವರಿಗೆ

ಸಾಮಾನ್ಯವಾಗಿ ಮನುಷ್ಯ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಮಿಟುಕಿಸುತ್ತಾನೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ಪ್ರತಿ ಮಿಟುಕಿಗೂ ಕಣ್ಣಿನ ಮೇಲೆ ಕಣ್ಣೀರಿನ ತೆಳು ಪದರ ಹರಡಬೇಕು. ಅದು ನಡೆಯದಿದ್ದಾಗ ಕಣ್ಣು ಒಣಗಿ ಉರಿಯುತ್ತದೆ. ಹವಾನಿಯಂತ್ರಿತ ಕೊಠಡಿಯ ಒಣಗಾಳಿ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ.

* ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ ವಸ್ತುವೊಂದನ್ನು 20 ಸೆಕೆಂಡು ನೋಡಬೇಕು. ಆಗ ಹತ್ತಿರದ ನೋಟಕ್ಕೆ ಬಿಗಿಹಿಡಿದ ಕಣ್ಣಿನ ಸ್ನಾಯು ಸಡಿಲಗೊಳ್ಳುತ್ತದೆ.
* ಪರದೆ ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಹೊಳೆಯದಂತೆ ಮೇಜನ್ನು ತಿರುಗಿಸಿಕೊಳ್ಳಬೇಕು.
* ಎ.ಸಿ. ಅಥವಾ ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸಬಾರದು.
* ನೀಲಿ ಬೆಳಕು ತಡೆಯುತ್ತದೆಂದು ಮಾರುವ ಕನ್ನಡಕದಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಎಂಬುದಕ್ಕೆ ಬಲವಾದ ಆಧಾರವಿಲ್ಲ. ಆ ಹಣವನ್ನು ಸರಿಯಾದ ನಂಬರಿನ ಕನ್ನಡಕಕ್ಕೆ ವ್ಯಯಿಸುವುದು ಮೇಲು.

ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಮಸುಕಾಗತೊಡಗಿದರೆ ಅದು ಚಾಳೀಸು. ಅದು ರೋಗವಲ್ಲ. ಆದರೆ ಸಂಕೋಚದಿಂದ ಕನ್ನಡಕ ತಪ್ಪಿಸುತ್ತಾ ಹೋದರೆ ತಲೆನೋವು ತಪ್ಪದು.

ಯಂತ್ರದ ಮುಂದೆ ನಿಂತವರಿಗೆ

ಗ್ರೈಂಡಿಂಗ್ ಮಾಡುವಾಗ ಕಣ್ಣಿಗೆ ಹಾರಿದ ಕಬ್ಬಿಣದ ಚೂರನ್ನು ಪಕ್ಕದವನ ಕೈಯಲ್ಲಿ ಬೆಂಕಿಕಡ್ಡಿಯಿಂದಲೋ ಕರ್ಚೀಫಿನ ತುದಿಯಿಂದಲೋ ತೆಗೆಸಿಕೊಳ್ಳುವ ರೂಢಿ ಬಹಳ ಅಪಾಯಕಾರಿ. ಚೂರು ಹೋದರೂ ಕರಿಗುಡ್ಡೆಯ ಮೇಲೆ ಗಾಯ ಉಳಿಯುತ್ತದೆ. ಒಂದೆರಡು ದಿನದಲ್ಲಿ ಅದರ ಸುತ್ತ ತುಕ್ಕಿನ ಉಂಗುರ ಮೂಡಬಹುದು, ಸೋಂಕು ತಗುಲಿದರೆ ಹುಣ್ಣಾಗಿ ಬಿಳಿ ಕಲೆ ನಿಲ್ಲಬಹುದು. ಸುತ್ತಿಗೆ, ಉಳಿಯ ಏಟಿಗೆ ಸಿಡಿದ ಚೂರು ಕಣ್ಣಿನ ಒಳಕ್ಕೇ ಹೊಕ್ಕಿದ್ದರೂ ಕೆಲವೊಮ್ಮೆ ಹೆಚ್ಚು ನೋವಿರುವುದಿಲ್ಲ. ಅಂಥ ಸಂದರ್ಭದಲ್ಲಿ ಕಣ್ಣನ್ನು ಉಜ್ಜದೆ, ಒತ್ತದೆ, ಕಾಗದದ ಲೋಟವೊಂದನ್ನು ಮೇಲೆ ಮುಚ್ಚಿಕೊಂಡು ಕೂಡಲೇ ಕಣ್ಣಿನ ಆಸ್ಪತ್ರೆ ಸೇರಬೇಕು.

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದ ಫಲ ತಕ್ಷಣ ಕಾಣುವುದಿಲ್ಲ. ಆರರಿಂದ ಹನ್ನೆರಡು ತಾಸುಗಳ ನಂತರ, ಎಂದರೆ ಹೆಚ್ಚಾಗಿ ನಡುರಾತ್ರಿ, ಕಣ್ಣಿಗೆ ಮರಳು ಸುರಿದಂತಾಗಿ ನೀರು ಸುರಿಯುತ್ತದೆ. ವೆಲ್ಡರ್ ಮಾತ್ರವಲ್ಲ, ಪಕ್ಕದಲ್ಲಿ ಹಿಡಿದು ನಿಲ್ಲುವ ಸಹಾಯಕನಿಗೂ ಮುಖಕವಚ ಬೇಕು. ಸಾಮಾನ್ಯ ತಂಪು ಕನ್ನಡಕ ಇದಕ್ಕೆ ಬದಲಿಯಲ್ಲ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿಯೇ ಕಣ್ಣಿನ ರಕ್ಷಣೆಗೆಂದು 35ನೇ ಕಲಮನ್ನು ಮೀಸಲಿಡಲಾಗಿತ್ತು. ರಕ್ಷಣಾ ಕನ್ನಡಕ ಮಾಲೀಕ ತೋರುವ ಔದಾರ್ಯವಲ್ಲ. ಕೆಲಸದ ಸಲಕರಣೆಗಳಲ್ಲಿ ಅದೂ ಒಂದು.

ಮನೆ ಮತ್ತು ದಾರಿಯಲ್ಲಿ

ದ್ವಿಚಕ್ರ ವಾಹನ ಸವಾರರು ಹೆಲ್ಮೆಟ್ಟಿನ ಗಾಜನ್ನು ಇಳಿಸಿಕೊಂಡರೆ ಧೂಳಿನ ಕಾಟ ಬಹಳಷ್ಟು ತಪ್ಪುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ಕೊಳವೆಬಾವಿ, ಟ್ಯಾಂಕರ್ ಅಥವಾ ನಲ್ಲಿ ನೀರಿನಲ್ಲಿ ತೊಳೆಯಲೇಬಾರದು, ಧರಿಸಿ ಮಲಗಲೂ ಬಾರದು. ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಕರಿಗುಡ್ಡೆಗೆ ತಗಲುವ ಸೋಂಕಿನ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹಿಸುಕಿದಾಗ ಸಿಡಿಯುವ ಸುಣ್ಣ ಕಣ್ಣನ್ನು ಆಳಕ್ಕೆ ಸುಡುತ್ತದೆ. ಸುಣ್ಣ, ಸಿಮೆಂಟ್ ಅಥವಾ ಆಮ್ಲ ಬಿದ್ದ ಕ್ಷಣದಲ್ಲೇ ಸಿಕ್ಕ ಶುದ್ಧ ನೀರಿನಿಂದ ಕನಿಷ್ಠ 15ರಿಂದ 20 ನಿಮಿಷ ಬಿಡದೆ ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಬೇಕು.

ಹರಳೆಣ್ಣೆ, ಜೇನು, ಎದೆಹಾಲು, ಈರುಳ್ಳಿ ರಸಗಳನ್ನು ಕಣ್ಣಿಗೆ ಹಾಕುವುದು ಸಲ್ಲದು. ಔಷಧ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿಗಳು ಕೆಂಪನ್ನು ಬೇಗ ಇಳಿಸುತ್ತವೆ ನಿಜ. ತಿಂಗಳುಗಟ್ಟಲೆ ಬಳಸಿದರೆ ಅವುಗಳಿಂದಲೇ ಗ್ಲಾಕೋಮಾ ಮತ್ತು ಪೊರೆ ಬರಬಹುದು.

ಮಕ್ಕಳನ್ನು ದಿನಕ್ಕೆ ಎರಡು ತಾಸಿನಷ್ಟಾದರೂ ಹೊರಗೆ ಆಡಲು ಬಿಟ್ಟರೆ ಸಮೀಪದೃಷ್ಟಿ ದೋಷ ಬರುವ ಸಂಭವ ತಗ್ಗುತ್ತದೆ. ಊಟದಲ್ಲಿ ನುಗ್ಗೆಸೊಪ್ಪು, ಹರಿವೆ, ಪರಂಗಿ, ಕ್ಯಾರೆಟ್, ಮೊಟ್ಟೆ ಇದ್ದರೆ 'ಎ' ಜೀವಸತ್ವಕ್ಕೆ ಕೊರತೆಯಿಲ್ಲ. ಕ್ಯಾರೆಟ್ ತಿಂದು ಕನ್ನಡಕದ ನಂಬರು ಇಳಿಸಬಹುದೆಂಬುದು ಮಾತ್ರ ತಪ್ಪು ಕಲ್ಪನೆ.

ಮರಳುವ ದೃಷ್ಟಿ, ಮರಳದ ದೃಷ್ಟಿ

ಪೊರೆಯಿಂದ ಹೋದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳುತ್ತದೆ. ಊರೂರಿಗೆ ತೆರಳಿ ಸಾಮೂಹಿಕ ಶಿಬಿರ ನಡೆಸಿದ, 1968ರಲ್ಲಿ ಪದ್ಮಭೂಷಣ ಪಡೆದ ಡಾ. ಎಂ.ಸಿ. ಮೋದಿ ಅವರು ಇದನ್ನು ಕನ್ನಡ ನಾಡಿನ ಹಳ್ಳಿಹಳ್ಳಿಗೆ ತೋರಿಸಿಕೊಟ್ಟರು. ಕರಿಗುಡ್ಡೆ ಕೆಟ್ಟರೆ ದಾನಿಗಳ ಕಣ್ಣು ಆಸರೆಯಾಗುತ್ತದೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಕಣ್ಣುಗಳು ಬೇರೆಯವರಿಗೆ ಬೆಳಕಾದವು.

ಆದರೆ ಗ್ಲಾಕೋಮಾದಿಂದ ಸತ್ತ ಕಣ್ಣಿನ ನರವನ್ನು ಯಾವ ವೈದ್ಯರೂ ಬದುಕಿಸಲಾರರು. ಅದು ನೋಟದ ಅಂಚುಗಳನ್ನು ಮೊದಲು ತಿನ್ನುವುದರಿಂದ ರೋಗಿಗೆ ಬಹುಕಾಲ ಅರಿವಾಗುವುದೇ ಇಲ್ಲ. ಮಧುಮೇಹದಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯೂ ಹಾಗೆಯೇ. ನಲವತ್ತು ದಾಟಿದವರು, ಅದರಲ್ಲೂ ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದವರು, ಕಣ್ಣಿನ ಒತ್ತಡ ಮತ್ತು ನರವನ್ನು ಪರೀಕ್ಷಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲ ತೋರಿಸಬೇಕು. ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿದರೆ ಈ ತಪಾಸಣೆ ಆದಂತಲ್ಲ. ಪಾಪೆ ಹಿಗ್ಗಿಸಿದ ಮೇಲೆ ಕೆಲವು ತಾಸು ನೋಟ ಮಸುಕಾಗಿರುತ್ತದೆ, ವಾಹನ ಓಡಿಸಬಾರದು, ಜೊತೆಗೊಬ್ಬರು ಇರಲಿ.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

* ಹಠಾತ್ತನೆ ನೋಟ ಕುಂದುವುದು, ಅಥವಾ ಪರದೆ ಇಳಿದಂತೆ ಒಂದು ಭಾಗ ಕತ್ತಲಾಗುವುದು
* ಮಿಂಚು ಹೊಳೆದಂತಾಗಿ ಏಕಾಏಕಿ ಹಲವು ಕಪ್ಪು ಚುಕ್ಕೆಗಳು ತೇಲುವುದು
* ಕೆಂಪಾದ ಕಣ್ಣಿನ ಜೊತೆಗೆ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು
* ಲೆನ್ಸ್ ಧರಿಸುವವರ ಕಣ್ಣು ಕೆಂಪಾಗಿ ನೋಯುವುದು

ದೊಡ್ಡನೆಕ್ಕುಂದಿಯವರಿಗೆ ವರ್ತೂರು ರಸ್ತೆಯ ಕುಂದಲಹಳ್ಳಿ ಗೇಟ್ ಬಳಿಯ ಶಂಕರ ಕಣ್ಣಿನ ಆಸ್ಪತ್ರೆ ಸಮೀಪದಲ್ಲಿದೆ. ನಗರದ ಹಳೆಯ ಸರ್ಕಾರಿ ಕಣ್ಣಾಸ್ಪತ್ರೆಯಾದ, 1896ರಲ್ಲಿ ಆರಂಭಗೊಂಡ ಮಿಂಟೊ ಆಸ್ಪತ್ರೆ ಚಾಮರಾಜಪೇಟೆಯಲ್ಲಿದೆ. ಮಕ್ಕಳನ್ನು, ಮನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು ವರ್ಷದಲ್ಲಿ ಅರ್ಧ ದಿನವನ್ನು ಕಣ್ಣಿಗೂ ಮೀಸಲಿಡುವುದು ಅಗತ್ಯ.