ಅಪಘಾತವೆಂಬ ಅಪರಾಧ

ಜೆ.ಪಿ. ನಗರದ ರಂಗಶಂಕರಕ್ಕೆ ನಾಟಕ ನೋಡಹೋಗುವವರಿಗೆ ಆ ಶಂಕರ ಯಾರೆಂದು ಹೇಳಬೇಕಾಗಿಲ್ಲ. ಅರುಂಧತಿ ನಾಗರ ಮುಂದಾಳ್ತನದಲ್ಲಿ ಕಟ್ಟಿ, ಶಂಕರನಾಗರ ನೆನಪಿಗಾಗಿ 2004ರಲ್ಲಿ ಬಾಗಿಲು ತೆರೆದ ರಂಗಮಂದಿರವದು. ಅಲ್ಲಿ ಕಾಫಿ ಕುಡಿಯುತ್ತ ಮಾತಿಗೆ ನಿಂತರೆ ‘ಮಾಲ್ಗುಡಿ ಡೇಸ್’ ಬರುತ್ತದೆ, ‘ಸಾಂಗ್ಲಿಯಾನ’ ಬರುತ್ತದೆ, ‘ಮಿಂಚಿನ ಓಟ’ವೂ ಬರುತ್ತದೆ. 1985ರ ‘ಆಕ್ಸಿಡೆಂಟ್’ ಚಿತ್ರದ ಪ್ರಸ್ತಾಪ ಮಾತ್ರ ಅಪರೂಪ.

ಕಥೆ ಚಿಕ್ಕದು. ಮಾದಕ ಪದಾರ್ಥದ ಅಮಲಿನಲ್ಲಿದ್ದ ಯುವಕನೊಬ್ಬ, ರಾತ್ರಿ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಾರರ ಮೇಲೆ ಕಾರು ಹಾಯಿಸುತ್ತಾನೆ. ತಂದೆ ಧರ್ಮಾಧಿಕಾರಿ ಚುನಾವಣೆಯ ಕಣದಲ್ಲಿರುವ ರಾಜಕಾರಣಿ. ಮಗನನ್ನು ಉಳಿಸಿಕೊಳ್ಳಲು ತನ್ನ ವರ್ಚಸ್ಸನ್ನೆಲ್ಲ ಬಳಸುತ್ತಾನೆ. ಆ ಪಾತ್ರ ಅನಂತನಾಗರದು. ಸತ್ಯದ ಬೆನ್ನು ಹತ್ತುವ ಪತ್ರಕರ್ತ ರವಿಯ ಪಾತ್ರದಲ್ಲಿ ತಮ್ಮ ಶಂಕರನಾಗ್; ನಿರ್ದೇಶನವೂ ಅವರದೇ. ಸಂಗೀತ ಇಳಯರಾಜಾ ಅವರದು.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ರುಚಿ ಹತ್ತಿದವರಿಗೆ ಅಪರಾಧಿ ಕೊನೆಯ ಪುಟಗಳಲ್ಲಿ ಸಿಕ್ಕಿಬೀಳಬೇಕು. ಇಲ್ಲಿ ಅವನಾರೆಂಬುದು ಮೊದಲೇ ಗೊತ್ತು. ಆದರೂ ಕುರ್ಚಿಯ ತುದಿಯಲ್ಲಿ ಕುಳಿತು ನೋಡುತ್ತೇವೆ. ಏಕೆಂದರೆ ಗೊತ್ತಿರುವ ಸತ್ಯವನ್ನು ಒಂದೊಂದೇ ಕೈ ಬಂದು ಮುಚ್ಚುವುದು ನಮ್ಮ ಕಣ್ಣೆದುರಿಗೇ ನಡೆಯುತ್ತದೆ. ಅಮೆರಿಕದ ಕೆಲವು ಅಪರಾಧಚಿತ್ರಗಳಿಗೆ ಫ್ರೆಂಚ್ ವಿಮರ್ಶಕರು 1946ರಲ್ಲಿ ‘ನೋಯಾರ್’, ಅಂದರೆ ಕಪ್ಪು, ಎಂಬ ಹೆಸರಿಟ್ಟರು. ಆ ಕಪ್ಪು ಬೀದಿಯ ಇರುಳಿಗಿಂತ ಹೆಚ್ಚಾಗಿ ದೀಪ ಬೆಳಗುವ ದಿವಾನಖಾನೆಗಳದು. ನಮ್ಮ ಊರಿಗೂ ಅಂತಹ ದಿವಾನಖಾನೆಗಳುಂಟೆಂದು ಕನ್ನಡದಲ್ಲಿ ಹೇಳಿದ ಚಿತ್ರವಿದು. ಸಾಮಾಜಿಕ ಸಮಸ್ಯೆಯ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಬಂತು. ಪ್ರಶಸ್ತಿ ಬಂದ ಚಿತ್ರವನ್ನು ಗೌರವದಿಂದ ಮರೆಯುವುದು ನಮ್ಮಲ್ಲಿ ಹೊಸದೇನಲ್ಲ.

ಹೆಸರಿನಲ್ಲೇ ಒಂದು ಕುಹಕವಿದೆ. ಯಾರ ತಪ್ಪೂ ಇಲ್ಲದೆ ನಡೆದುಹೋದದ್ದನ್ನು ನಾವು ಆಕ್ಸಿಡೆಂಟ್ ಎನ್ನುತ್ತೇವೆ. ಸತ್ತವರು ಬಡವರಾದರೆ ಆ ಮಾತು ಇನ್ನೂ ಬೇಗ ಬಾಯಿಗೆ ಬರುತ್ತದೆ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ಶಂಕರನಾಗ್ ತೀರಿಕೊಂಡರು. ವಯಸ್ಸು 35 ಮಾತ್ರ. ಆ ಸಾವಿಗೆ ಈ ಹೆಸರನ್ನು ತಳಕುಹಾಕಿ ವಿಧಿಯ ಮಾತಾಡುವವರುಂಟು. ಅವರ ದುಃಖ ಅರ್ಥವಾಗುತ್ತದೆ. ಆದರೆ ಚಿತ್ರ ವಿಧಿಯ ಮಾತನ್ನು ಒಪ್ಪುವುದಿಲ್ಲ. ಸ್ಟಿಯರಿಂಗ್ ಹಿಡಿದಿದ್ದ ಕೈ ಯಾರದೆಂದು ಕೇಳುತ್ತದೆ. ನಾಟಕ ಮುಗಿಸಿ ಜಯನಗರದ ಕಡೆಗೆ ಹೊರಟ ರಾತ್ರಿ, ಮುಚ್ಚಿದ ಅಂಗಡಿಯ ಮುಂದೆ ಯಾರಾದರೂ ಕಂಬಳಿ ಹೊದ್ದು ಮಲಗಿದ್ದು ಕಂಡರೆ, ಆ ಪ್ರಶ್ನೆ ನಮ್ಮೊಡನೆ ಮನೆಯವರೆಗೂ ಬರುತ್ತದೆ.